ಗುಬ್ಬಿ ದೊಡ್ಡಮ್ಮನ ಹೊಟ್ಟೆಯುರಿ

ಮೊನ್ನೆ ಕುಣಿಗಲ್ಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದ ಹಾಗೇ ನನಗೊಂದು ಹುಳಿತೇಗು ಬಂತು. ಬರುವುದು ಬಂತು, ಸದ್ದಿಲ್ಲದೆ ಬರಬಾರದಿತ್ತೇ? ಪಕ್ಕದ ಕುರ್ಚಿಯಲ್ಲಿದ್ದ ಹಿಂದಿ ಮೇಡಂ ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆಯೆತ್ತದೆಯೇ ಬ್ಯಾಗಿಗೆ ಕೈಹಾಕಿ, ಪುಟ್ಟದೊಂದು ಸ್ಟೀಲ್ ಡಬ್ಬಿ ತೆಗೆದು, ನನ್ನ ಅಂಗೈಗೆ ಒಂದಿಷ್ಟು ಓಂಕಾಳು ಸುರಿದರು. “ಚೆನ್ನಾಗಿ ಉಜ್ಜಿ ಬಾಯಿಗೆ ಹಾಕ್ಕೊಳ್ಳಿ ಸಾರ್. ಬಾಯಿ ಮುಚ್ಕೊಂಡೇ ಅಗೀರಿ” ಎಂದರು. ಉಜ್ಜಿದೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಸ್ಟಾಫ್ ರೂಮು, ಮೇಡಂ, ತಿದ್ದದೆ ಬಿದ್ದಿದ್ದ ನನ್ನ ಪಾಲಿನ ಉತ್ತರಪತ್ರಿಕೆಗಳು ಎಲ್ಲ ಹಿಂದೆ ಸರಿದು, ಗುಬ್ಬಿ ದೊಡ್ಡಮ್ಮ ಎದುರಿಗೆ ಬಂದು ನಿಂತಳು. ಒಂದು ಕಾಲದಲ್ಲಿ ಅವಳ ಸೆರಗಿನಿಂದ ಸದಾ ಬರುತ್ತಿದ್ದದ್ದು ಇದೇ ವಾಸನೆ.

ನಾನು ವಿಜ್ಞಾನದ ಮೇಷ್ಟ್ರು. ನಿಮಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬರುವ ಸಂಗತಿಗಳಲ್ಲಿ ನನ್ನ ವಿಜ್ಞಾನ ಎಲ್ಲೂ ಕೆಲಸಕ್ಕೆ ಬಂದಿಲ್ಲ. ಪ್ರತಿವರ್ಷ ಬೋರ್ಡಿನ ಮೇಲೆ ಜೀರ್ಣಾಂಗಗಳ ಚಿತ್ರ ಬರೆಯುತ್ತೇನೆ. ಅನ್ನನಾಳ ಸೊಟ್ಟಗಾಗುತ್ತದೆ, ಜಠರ ಗೋಡಂಬಿಯಂತೆ ಕಾಣುತ್ತದೆ. ಪಕ್ಕದಲ್ಲಿ ಬಾಣದ ಗುರುತು ಹಾಕುತ್ತೇನೆ. ಎಲ್ಲ ಬಾಣಗಳೂ ಕೆಳಮುಖ. ತಿಂದದ್ದು ಮೇಲಕ್ಕೂ ಹೊರಡಬಹುದು, ಹೊರಟು ಮನೆಮಂದಿಯನ್ನೆಲ್ಲ ದಿಕ್ಕಾಪಾಲು ಮಾಡಬಹುದು ಎಂದು ನಾನು ಯಾವ ಮಕ್ಕಳಿಗೂ ಕಲಿಸಿಲ್ಲ.

ನಮ್ಮ ತುಮಕೂರು ಸೀಮೆಯಲ್ಲಿ ಇಂಥದ್ದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್ಕು. ಸಲಿಗೆ ಹೆಚ್ಚಿದರೆ ಗ್ಯಾಸು. ತಲೆ ಸಿಡಿದರೆ ಗ್ಯಾಸು ತಲೆಗೇರಿದೆ, ಮಂಡಿ ಹಿಡಿದರೆ ಗ್ಯಾಸು ಇಳಿದಿದೆ, ಏನೂ ಆಗದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ. ಗಂಡಸರು ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾದರೆ ಮೊದಲು ಗ್ಯಾಸಿನ ಕ್ಷೇಮ ವಿಚಾರಿಸಿಕೊಂಡು ಆಮೇಲೆ ಮಕ್ಕಳ ಕ್ಷೇಮಕ್ಕೆ ಬರುತ್ತಾರೆ. ದೊಡ್ಡಮ್ಮ ಮಾತ್ರ ಆ ಪದವನ್ನು ಒಪ್ಪುತ್ತಿರಲಿಲ್ಲ. “ಗ್ಯಾಸು ಗಂಡಸ್ರುಗ್ ಬರೋದು ಕಣ್ಲಾ” ಎನ್ನುತ್ತಿದ್ದಳು. ಹೆಂಗಸರು ಅದನ್ನೆಲ್ಲ ಇಟ್ಟುಕೊಳ್ಳುವುದು ಅವಳಿಗೆ ಮರ್ಯಾದೆಯಾಗಿ ಕಾಣುತ್ತಿರಲಿಲ್ಲ. ಎದೆಯುರಿ ಎನ್ನಬಹುದಿತ್ತು. ಆದರೆ ಅವಳ ತಂದೆ ಎದೆನೋವು ಎಂದು ಒಂದೇ ಒಂದು ಮಾತಾಡಿ ತೋಟದಲ್ಲಿ ಕುಸಿದು ಹೋದವರು. ಅಂದಿನಿಂದ ಅವಳು ‘ಎದೆ’ ಎಂಬ ಪದವನ್ನೇ ಬಾಯಿಗೆ ತಂದವಳಲ್ಲ, ಕರೆದರೆ ಬಂದುಬಿಡುತ್ತದೇನೋ ಎಂಬ ಭಯ. ಹೀಗಾಗಿ ಉರಿ ಯಾವ ಜಾಗದಲ್ಲೇ ಇರಲಿ, ಅವಳು ಅದನ್ನು ಒಂದು ಗೇಣು ಕೆಳಗಿಳಿಸಿ ಹೊಟ್ಟೆಯ ಲೆಕ್ಕಕ್ಕೆ ಹಾಕುತ್ತಿದ್ದಳು. ಎಲ್ಲ ಅನಾಹುತವೂ ಆ ಒಂದು ಗೇಣಿನಿಂದ ಆದದ್ದು.

ದೊಡ್ಡಮ್ಮ ಎಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ. ದೊಡ್ಡಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ನಮ್ಮ ಕಿರಿಯ ಚಿಕ್ಕಪ್ಪನ ಹೆಂಡತಿ ಸರೋಜ ಚಿಕ್ಕಮ್ಮ. ಸರೋಜ ಚಿಕ್ಕಮ್ಮ ಮದುವೆಯಾಗಿ ಗುಬ್ಬಿಯ ಮನೆಗೆ ಬಂದಾಗ ಅವಳಿಗೆ ಅನ್ನದ ಗಂಜಿ ಬಸಿಯಲೂ ಬರುತ್ತಿರಲಿಲ್ಲವಂತೆ. ದೊಡ್ಡಮ್ಮ ಕೈಹಿಡಿದು ಕಲಿಸಿದಳು. ವಾರಗಿತ್ತಿಯರು ಎಂದರೆ ಹಾವು ಮುಂಗುಸಿ ಎಂದುಕೊಳ್ಳುವ ಜನಕ್ಕೆ ಇವರಿಬ್ಬರು ಒಂದು ನಿರಾಸೆಯಾಗಿದ್ದರು. ಎಲ್ಲರ ಊಟವಾದ ಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ನಮ್ಮಜ್ಜಿಯ ಬೈಗುಳವನ್ನೂ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಚಿಕ್ಕಪ್ಪನಿಗೆ ತುಮಕೂರಿಗೆ ವರ್ಗವಾಗಿ ಸಂಸಾರ ಬೇರೆಯಾದ ಮೇಲೂ ದಿನಾ ಬೆಳಗ್ಗೆ ಚಿಕ್ಕಮ್ಮನ ಫೋನು ಬರುತ್ತಿತ್ತು. “ಅಕ್ಕ, ಇವತ್ತು ಏನ್ ಸಾರು?” ಇಷ್ಟೇ ಪ್ರಶ್ನೆ. ಉತ್ತರ ಮುಗಿಯುವುದರೊಳಗೆ ಸಾರು ಕುದಿದು ಆರುತ್ತಿತ್ತು.

ಇನ್ನು ಗೃಹಪ್ರವೇಶದ ಕತೆ. ಚಿಕ್ಕಪ್ಪ ಕ್ಯಾತ್ಸಂದ್ರದ ಕಡೆ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ದೊಡ್ಡಮ್ಮ ಹಿಂದಿನ ದಿನವೇ ಹೋಗಿ ಒಬ್ಬಟ್ಟಿಗೆ ಹೂರಣ ರುಬ್ಬಿಸಿದಳು, ಬೆಳಗ್ಗೆಯಿಂದ ಪೂಜೆಯೆಂದು ಬರೀ ಕಾಫಿಯ ಮೇಲಿದ್ದಳು, ಮಧ್ಯಾಹ್ನ ಮೆಣಸಿನಕಾಯಿ ಬಜ್ಜಿ, ಬಿಸಿಬೇಳೆಬಾತು, ತುಪ್ಪ ಸುರಿದ ಒಬ್ಬಟ್ಟು ಎಲ್ಲವನ್ನೂ ಒಂದೇ ಏಟಿಗೆ ಇಳಿಸಿದಳು. ಕೈತೊಳೆದವಳನ್ನು ಚಿಕ್ಕಮ್ಮ ಕೂರಲು ಬಿಡದೆ ಅಡುಗೆಮನೆಗೆ ಎಳೆದೊಯ್ದಳು. ಹಿಂದೆಯೇ ನೆಂಟರ ಹೆಂಗಸರ ದಂಡು. ಹೊಗೆ ಎಳೆಯುವ ಚಿಮ್ನಿ, ತಾನೇ ಮುಚ್ಚಿಕೊಳ್ಳುವ ಡ್ರಾಯರು, ಕನ್ನಡಿಯಂಥ ಕಪ್ಪು ಕಲ್ಲು. “ಅಕ್ಕ, ಬಗ್ಗಿ ನೋಡಿ, ಕೆಳಗೂ ಒಂದು ಇದೆ” ಎಂದಳು ಚಿಕ್ಕಮ್ಮ. ದೊಡ್ಡಮ್ಮ ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತುಬಿಟ್ಟಳು. ನಿಧಾನಕ್ಕೆ ಮೇಲೆದ್ದು, ಕಲ್ಲಿನ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು: “ಅಯ್ಯೋ ಶಿವ್ನೇ, ಹೊಟ್ಟೆ ಉರಿ ಕಣೇ ಸರೋಜಾ! ತಡ್ಕೊಳಕ್ಕಾಗ್ತಿಲ್ಲ!”

ಮನಸ್ಸಿನಲ್ಲಿ ಅದೇ ಉರಿ ಇಟ್ಟುಕೊಂಡು “ಎಷ್ಟ್ ಚೆನ್ನಾಗಿದೆ” ಎನ್ನುತ್ತಿದ್ದ ನೆಂಟರಿಗೆಲ್ಲ, ಅದನ್ನು ಹೀಗೆ ಬಾಯಿಬಿಟ್ಟು ಹೇಳಬಹುದು ಎಂದು ಅದುವರೆಗೆ ಹೊಳೆದಿರಲಿಲ್ಲ. ಚಿಕ್ಕಮ್ಮನ ಮುಖ ಸಪ್ಪಗಾಯಿತು. ಯಾರೋ ಒಬ್ಬರು ನಕ್ಕಂತೆ ಮಾಡಿದರು. ದೊಡ್ಡಮ್ಮನಿಗೆ ತಾನು ಏನು ಹೇಳಿದೆ ಎಂದು ಅರ್ಥವಾಗುವಷ್ಟರಲ್ಲಿ ದಂಡು ಹಾಲಿಗೆ ಹೋಗಿ ಪಿಸಪಿಸ ಶುರುಮಾಡಿತ್ತು.

ಸಂಜೆಗೆ ದೃಷ್ಟಿ ತೆಗೆಯುವುದೆಂದಾಯಿತು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರೆ ಘಾಟು ಬರಬೇಕು, ಎಲ್ಲರೂ ಕೆಮ್ಮಬೇಕು. ಘಾಟು ಬರಲಿಲ್ಲವೆಂದರೆ ದೃಷ್ಟಿ ಭಾರಿಯಾಗಿದೆ ಎಂದು ಲೆಕ್ಕ. ಹೊಸ ಮನೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಸ್ಟವ್ ಮೇಲೆ ಬಾಣಲೆಯಿಟ್ಟು ಮೆಣಸಿನಕಾಯಿ ಸುಟ್ಟರು. ಮೇಲೆ ಚಿಮ್ನಿ ಗುಂಯ್ ಎಂದು ಓಡುತ್ತಿತ್ತು. ಹಿಡಿ ಮೆಣಸಿನಕಾಯಿ ಸುಟ್ಟು ಕರಿಕಾದರೂ ಒಬ್ಬರಿಗೂ ಒಂದು ಕೆಮ್ಮು ಬರಲಿಲ್ಲ. ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು. “ಚಿಮ್ನಿ ಆನ್ ಇದೆ” ಎಂದು ನಾನು ಎರಡು ಸಲ ಹೇಳಿದೆ. ವಿಜ್ಞಾನದ ಮೇಷ್ಟ್ರ ಮಾತು ಶಾಲೆಯಲ್ಲೇ ನಡೆಯುವುದಿಲ್ಲ, ಗೃಹಪ್ರವೇಶದ ಮನೆಯಲ್ಲಿ ಎಲ್ಲಿ ನಡೆದೀತು.

ಮಾರನೆಯ ದಿನ “ಏನ್ ಸಾರು” ಎಂಬ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ದೊಡ್ಡಮ್ಮನೇ ಮಾಡಿದಳು. ಚಿಕ್ಕಮ್ಮ “ಕೆಲ್ಸ ಇದೆ ಅಕ್ಕ, ಆಮೇಲ್ ಮಾಡ್ತೀನಿ” ಎಂದಳು. ಆ ಆಮೇಲೆ ಎನ್ನುವುದು ಬರಲೇ ಇಲ್ಲ. ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಅಳುತ್ತಾ ಹೇಳಿದಳು, “ನಂಗೆ ನಿಜ್ವಾಗ್ಲೂ ಉರೀತಿತ್ತು ಕಣ್ಲಾ. ಒಳ್ಗೆ. ಬಜ್ಜಿ ತಿಂದಿದ್ದು. ಅವ್ಳು ಮಾತಾಡ್ಸೋ ಹಂಗೆ ಏನಾದ್ರೂ ಮಾಡು.” ನಾನು ಚಿಕ್ಕಮ್ಮನಿಗೆ ಫೋನು ಮಾಡಿ, ಅದು ಬಜ್ಜಿಯ ಉರಿ ಎಂದು ವಿವರಿಸಿದೆ. “ನಮ್ಮನೆ ಬಜ್ಜೀಲಿ ಏನಾಗಿತ್ತಪ್ಪ? ಇನ್ನೂರು ಜನ ತಿಂದ್ರಲ್ಲ” ಎಂದಳು. ಇದ್ದ ಒಂದು ದೂರಿಗೆ ನಾನು ಇನ್ನೊಂದು ಸೇರಿಸಿ ಫೋನಿಟ್ಟೆ.

ಆಮೇಲೆ ವಿಚಿತ್ರ ಶುರುವಾಯಿತು. ದೊಡ್ಡಮ್ಮನ ಹೊಟ್ಟೆಯ ಉರಿ ಮಾಯವಾಗಿ, ನೋವಿಗೆ ಊರೂರು ತಿರುಗುವ ಚಾಳಿ ಹಿಡಿಯಿತು. ಮೊದಲು ದವಡೆ. ಹಲ್ಲಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ “ಹಲ್ಲು ಗಟ್ಟಿಯಾಗಿದೆಯಮ್ಮ” ಎಂದರು. ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ. ನೋಯುವುದನ್ನು ಇಟ್ಟುಕೊಂಡು ಏನು ಮಾಡಲಿ, ಕಿತ್ತುಹಾಕಿ ಎಂದು ಹಟ ಹಿಡಿದು ಕೀಳಿಸಿಕೊಂಡೇ ಬಂದಳು. ಹಲ್ಲು ಹೋಯಿತು, ನೋವು ಉಳಿಯಿತು. ಆಮೇಲೆ ಅದು ಕಿವಿಗೆ ಹತ್ತಿತು. ಬೆಳ್ಳುಳ್ಳಿ ಎಣ್ಣೆ ಬಿಟ್ಟು ಹತ್ತಿ ತುರುಕಿಕೊಂಡು ಕೂತಳು. ಫೋನು ಬಂದರೆ ಕೇಳಿಸದೇ ಹೋದೀತೆಂದು ಒಂದೇ ಕಿವಿಗೆ ತುರುಕಿಕೊಳ್ಳುತ್ತಿದ್ದಳು, ಅದೂ ನೋಯದ ಕಿವಿಗೆ. “ನೋಯೋ ಕಿವೀಲೇ ಚೆನ್ನಾಗ್ ಕೇಳೋದು ಕಣ್ಲಾ” ಎನ್ನುತ್ತಿದ್ದಳು. ಎಣ್ಣೆಯೆಲ್ಲ ಸುಖವಾಗಿದ್ದ ಕಿವಿಗೆ ಹೋಯಿತು.

ಕೊನೆಗೆ ನೋವು ಬೆನ್ನಿಗೆ ಬಂದು, ಎರಡು ಹೆಗಲ ಮೂಳೆಗಳ ನಡುವೆ ಗೂಟ ಹೊಡೆದುಕೊಂಡು ಕೂತಿತು. ಊಟವಾಗುತ್ತಿದ್ದ ಹಾಗೇ ಶುರು. ಮಲಗಿದರೆ ಇನ್ನೂ ಜಾಸ್ತಿ. ದೊಡ್ಡಪ್ಪ ಇದನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ, “ಇವ್ಳಿಗೆ ಅರ್ತಿಂಗ್ ಸರಿಯಾಗಿಲ್ಲ” ಎಂದು ತೀರ್ಮಾನ ಕೊಟ್ಟರು. ಹಿತ್ತಿಲಲ್ಲಿ ತೆಂಗಿನ ಬುಡಕ್ಕೆ ನೀರು ಬಿಟ್ಟು, ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿದರು. ನಾನೊಂದು ಶನಿವಾರ ಹೋದಾಗ ದೊಡ್ಡಮ್ಮ ಒಂದು ಕಿವಿಗೆ ಹತ್ತಿಯಿಟ್ಟುಕೊಂಡು, ಬಾಯ್ತುಂಬ ಓಂಕಾಳು ಅಗಿಯುತ್ತಾ, ಕೆಸರಿನಲ್ಲಿ ಮೊಣಕಾಲವರೆಗೆ ಸೀರೆ ಎತ್ತಿ ನಿಂತಿದ್ದಳು. “ಏನಾದ್ರೂ ಗೊತ್ತಾಗ್ತಿದ್ಯೇನೇ?” ಎಂದು ದೊಡ್ಡಪ್ಪ ಕೇಳುತ್ತಿದ್ದರು. “ಇರುವೆ ಕಡೀತಾವೆ” ಎಂದಳು ದೊಡ್ಡಮ್ಮ.

ಅವಳ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ದೂರದ ಊರುಗಳಲ್ಲಿದ್ದರು. ಓಡಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಗೆ ಹೋಗೋಣ ಎಂದೆ. ಉಳುಕಿಗೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎಂದರು ದೊಡ್ಡಪ್ಪ. ಸರಿ, ನಮ್ಮ ಕುಣಿಗಲ್ ತಾಲ್ಲೂಕಿನಲ್ಲೇ ಹುತ್ರಿದುರ್ಗದ ತಪ್ಪಲಲ್ಲಿ ಉಳುಕು ತೆಗೆಯುವ ಒಬ್ಬ ಮುದುಕರಿದ್ದಾರೆಂದು ಕರೆದುಕೊಂಡು ಹೋದೆ. ಅವರು ಎಣ್ಣೆ ಹಚ್ಚಿ ಬೆನ್ನನ್ನು ಮೇಲೆ ಕೆಳಗೆ ತೀಡಿ, ತಲೆಯಾಡಿಸಿದರು. “ಇದು ಕೈಗ್ ಬಗ್ಗೋ ಉಳುಕಲ್ಲ ಕಣವ್ವ. ಕಾಲ್ ಮುಂದಾಗಿ ಹುಟ್ಟಿರೋರು ಒದೀಬೇಕು” ಎಂದರು. ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದವರ ಪಾದಕ್ಕೆ ಈ ಶಕ್ತಿ ಇರುತ್ತದೆಂದು ನಮ್ಮ ಕಡೆ ನಂಬಿಕೆ. ಅಂಥವರೊಬ್ಬರು ಅಮೃತೂರಿನಲ್ಲಿ ಇದ್ದಾರೆಂದು ವಿಳಾಸವನ್ನೂ ಕೊಟ್ಟರು. ಹುಡುಕಿಕೊಂಡು ಹೋದೆವು. ಆ ಮನುಷ್ಯ ಜಗುಲಿಯ ಮೇಲೆ ಮಲಗಿದ್ದ. ಬೈಕಿನಿಂದ ಬಿದ್ದು, ಒದೆಯುವ ಕಾಲಿಗೇ ಪ್ಲಾಸ್ಟರ್ ಹಾಕಿಸಿಕೊಂಡಿದ್ದ.

ವಾಪಸ್ ಬರುವ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿ ಪಕ್ಕ ಕೂತಳು. ಹೊರಗೆ ನೋಡುತ್ತಲೇ, “ನಮ್ ಸರೋಜ ಕಾಲ್ ಮುಂದಾಗೇ ಹುಟ್ಟಿರೋದು” ಎಂದಳು.

ನಿಜ. ನನಗೂ ನೆನಪಿತ್ತು. ಸರೋಜ ಚಿಕ್ಕಮ್ಮ ಗುಬ್ಬಿಯ ಮನೆಯಲ್ಲಿದ್ದಷ್ಟು ಕಾಲ ಬೀದಿಯವರ ಉಳುಕನ್ನೆಲ್ಲ ಅವಳೇ ಒದ್ದು ಬಿಡಿಸುತ್ತಿದ್ದಳು. ಹೊಸ ಮದುಮಗಳು ಹಸಿರು ಬಳೆ ಹಾಕಿಕೊಂಡು ನಮ್ಮ ತಾತನ ಸೊಂಟಕ್ಕೆ ನಾಚಿಕೊಂಡು ಒದ್ದದ್ದನ್ನು ದೊಡ್ಡಮ್ಮ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು. ಈಗ ಮಾತು ಬಿಟ್ಟವಳ ಮನೆಗೆ ಹೋಗಿ ಒದೆಸಿಕೊಂಡು ಬರಬೇಕು. ಅಥವಾ, ನಾನು ಅಂದುಕೊಂಡೆ, ಹೋಗಲು ದೊಡ್ಡಮ್ಮನಿಗೆ ಒಂದು ನೆವ ಸಿಕ್ಕಿತ್ತು.

ಭಾನುವಾರ ನಾವು ಮೂವರೂ, ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು, ತುಮಕೂರಿಗೆ ಹೋದೆವು. ಚಿಕ್ಕಮ್ಮ ಬಾಗಿಲು ತೆಗೆದು “ಬನ್ನಿ” ಎಂದಳು. ನೀರು ಕೊಟ್ಟಳು. ವಿಷಯ ಕೇಳಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

“ಆಗಲ್ಲ. ದೊಡ್ಡೋರ್ಗೆ ಕಾಲು ತಾಗಿಸೋದಾ?”

“ನಮ್ಮಪ್ಪಂಗೇ ಒದ್ದಿದ್ಯಲ್ಲಮ್ಮ” ಎಂದರು ದೊಡ್ಡಪ್ಪ.

“ಆಗ ನನ್ ಮನ್ಸಲ್ಲಿ ಏನೂ ಇರ್ಲಿಲ್ಲ ಭಾವ” ಎಂದಳು ಚಿಕ್ಕಮ್ಮ.

ಅಷ್ಟರಲ್ಲಿ ದೊಡ್ಡಮ್ಮ ತಾನೇ ಚಾಪೆ ಹಾಸಿಕೊಂಡು ಹಾಲಿನ ನಡುವೆ ಬೋರಲು ಮಲಗಿಬಿಟ್ಟಿದ್ದಳು. ಚಿಕ್ಕಮ್ಮ ಪಾದ ತೊಳೆದುಕೊಂಡು ಬಂದು, ಮೊದಲು ಅಕ್ಕನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಬಲಗಾಲನ್ನು ಬೆನ್ನಿಗೆ ಸೋಕಿಸಿದಳು. ಚಾಪೆಯಿಂದ ಮಾತು ಬಂತು: “ಇದೇನೇ ಸರೋಜಾ, ಕೋಳಿ ಕೆದಕ್ದಂಗೆ? ಜೋರಾಗ್ ಬುಡು.” ಎರಡನೆಯದು ಸ್ವಲ್ಪ ಬಲವಾಗಿ ಬಿತ್ತು. ಮೂರನೆಯದಕ್ಕೆ ಕಾಲೆತ್ತಿದಾಗ ಚಿಕ್ಕಮ್ಮನಿಗೆ ಗೃಹಪ್ರವೇಶದ ಮಧ್ಯಾಹ್ನ ನೆನಪಾಯಿತೆಂದು ಕಾಣುತ್ತದೆ. ಧಡ್ ಎಂದಿತು.

ದೊಡ್ಡಮ್ಮ ಏಳಲಿಲ್ಲ. ತಿರುಗಿಸಿದರೆ ಹಣೆಯೆಲ್ಲ ಬೆವರು, ಮುಖ ಬಿಳುಚಿಕೊಂಡಿತ್ತು. ಅವಳು ಕೈಯನ್ನು ಮೇಲೆ ತಂದು, ಅಷ್ಟು ವರ್ಷ ಆಡದೇ ಇದ್ದ ಮಾತನ್ನು ಆಡಿದಳು. “ಎದೆ” ಎಂದಳು.

ಸಿಕ್ಕ ಆಟೋ ನಿಲ್ಲಿಸಿ ಆಸ್ಪತ್ರೆಗೆ ಹೊರಟೆವು. ಆಟೋದಲ್ಲಿ ಚಿಕ್ಕಮ್ಮ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ ಅಳುತ್ತಿದ್ದಳು. “ಕಣ್ ಬಿಡಿ ಅಕ್ಕ. ನಾನು ಬೇಕೂಂತ ಒದೀಲಿಲ್ಲ ಅಕ್ಕ.” ಸ್ವಲ್ಪ ದೂರ ಹೋದ ಮೇಲೆ, ಅಳುವಿನ ನಡುವೆಯೇ, “ಮೂರ್ನೇದು ಒಂಚೂರು ಬೇಕೂಂತ್ಲೇ ಒದ್ದೆ” ಎಂದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ “ಗೊತ್ತಾಯ್ತು ಬುಡು” ಎಂದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದವರು ಒಬ್ಬ ಎಳೆಯ ವಯಸ್ಸಿನ ಡಾಕ್ಟರು. “ಏನಾಯ್ತು ಅಜ್ಜಿಗೆ?” ಎಂದು ಕೇಳಿದರು. ದೊಡ್ಡಪ್ಪ ಇಲಾಖೆಗೆ ವರದಿ ಒಪ್ಪಿಸುವವರಂತೆ ನೆಟ್ಟಗೆ ನಿಂತು, “ಒದ್ದಿದ್ದಾರೆ ಡಾಕ್ಟ್ರೇ” ಎಂದರು.

“ಯಾರು ಒದ್ದಿದ್ದು?”

“ಇವ್ರೇ. ವಾರಗಿತ್ತಿ.”

ಡಾಕ್ಟರು ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಜೋರಾಗಿ ಅತ್ತಳು. “ನಾವೇ ಹೇಳಿ ಒದೆಸ್ಕೊಂಡಿದ್ದು ಸಾರ್” ಎಂದು ದೊಡ್ಡಪ್ಪ ಪರಿಸ್ಥಿತಿಯನ್ನು ತಿಳಿಗೊಳಿಸಲು ನೋಡಿದರು. ಡಾಕ್ಟರು ನರ್ಸ್ ಕಡೆ ತಿರುಗಿ, ಇದು ಪೊಲೀಸರಿಗೆ ತಿಳಿಸಬೇಕಾದ ಕೇಸು ಎಂದರು. ನಾನು ನಡುವೆ ಬಾಯಿಹಾಕಿ, ಇಲ್ಲ ಸಾರ್, ಅವರು ಕಾಲು ಮುಂದಾಗಿ ಹುಟ್ಟಿದ್ದಾರೆ ಎಂದೆ. “ಯಾರು, ಪೇಷೆಂಟಾ?” ಎಂದರು. “ಅಲ್ಲ, ಒದ್ದವರು” ಎಂದೆ. “ನೀವೇನ್ ಕೆಲ್ಸ ಮಾಡ್ತಿದೀರಾ?” ಎಂದರು. ವಿಜ್ಞಾನದ ಮೇಷ್ಟ್ರು ಎಂದು ಆದಷ್ಟು ಮೆಲ್ಲಗೆ ಹೇಳಿದೆ.

ಪುಣ್ಯಕ್ಕೆ ಅವರು ನಮ್ಮನ್ನು ಬಿಟ್ಟು ದೊಡ್ಡಮ್ಮನನ್ನು ನೋಡಿದರು. ಇಂಥ ನೋವಿಗೆ ಮೊದಲು ಹೃದಯವನ್ನು ನೋಡಲೇಬೇಕು ಎಂದು ಇಸಿಜಿ ಮಾಡಿದರು, ರಕ್ತ ತೆಗೆದರು, ಕೆಲಹೊತ್ತು ಬಿಟ್ಟು ಮತ್ತೊಮ್ಮೆ ಇಸಿಜಿ ಮಾಡಿದರು. ಹೃದಯ ಚೆನ್ನಾಗಿತ್ತು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಬೆನ್ನು ಯಾವಾಗ ನೋಯುತ್ತದೆ? ಊಟವಾದ ಮೇಲಾ? ಮಲಗಿದರೆ? ಬಗ್ಗಿದರೆ? ದವಡೆ, ಕಿವಿ? ಹುಳಿತೇಗು? ಡಾಕ್ಟರ ಮುಖ ಸಡಿಲವಾಗುತ್ತಾ ಬಂತು.

“ಹೊಟ್ಟೆ ಉರಿ ಇದ್ಯಾ ಅಜ್ಜಿ?”

ದೊಡ್ಡಮ್ಮ ಮಂಚದ ಪಕ್ಕದಲ್ಲಿದ್ದ ಚಿಕ್ಕಮ್ಮನನ್ನು ನೋಡಿದಳು. “ಅಯ್ಯೋ, ಇಲ್ಲಪ್ಪ! ನಂಗ್ಯಾಕೆ ಹೊಟ್ಟೆ ಉರಿ? ಅವ್ರು ಚೆನ್ನಾಗಿರ್ಲಿ, ನೂರ್ಕಾಲ ಬಾಳ್ಲಿ!”

ಡಾಕ್ಟರು ಮತ್ತೆ ಕೇಳಿದರು, ಸ್ವಲ್ಪವೂ ಇಲ್ವಾ? “ದೇವ್ರಾಣೆ ಇಲ್ಲ” ಎಂದಳು. ಬಂದಿದ್ದ ಕಾಯಿಲೆ ಆಣೆಯ ಮೇಲೆ ಹೊರಟುಹೋಗುವುದರಲ್ಲಿತ್ತು. ನಾನು ಡಾಕ್ಟರನ್ನು ಪರದೆಯ ಆಚೆಗೆ ಕರೆದು ಗೃಹಪ್ರವೇಶ, ಬಜ್ಜಿ, ಚಿಮ್ನಿ ಎಲ್ಲವನ್ನೂ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಕೆಲಹೊತ್ತು ನಿಂತರು. ಭುಜ ಅಲುಗುತ್ತಿತ್ತು.

ವಾಪಸ್ ಬಂದು ಗಂಭೀರವಾಗಿಯೇ ತಿಳಿಸಿದರು. ಅನ್ನನಾಳದ ಕೊನೆಯಲ್ಲಿ, ಹೊಟ್ಟೆಗೆ ಸೇರುವ ಕಡೆ, ಬಿಗಿಯಾಗಿ ಮುಚ್ಚಿಕೊಳ್ಳಬೇಕಾದ ಒಂದು ಜಾಗವಿದೆ. ಅದು ಸಡಿಲವಾದರೆ ಹೊಟ್ಟೆಯ ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಎಲ್ಲರಿಗೂ ಉರಿಯಾಗಿಯೇ ಕಾಣಬೇಕೆಂದಿಲ್ಲ. ಕೆಲವರಿಗೆ ಬೆನ್ನಿನಲ್ಲಿ, ದವಡೆಯಲ್ಲಿ, ಕಿವಿಯಲ್ಲಿ ನೋವಾಗಿ ಕಾಣುತ್ತದೆ. ಮಾತ್ರೆ ಕೊಡುತ್ತೇನೆ, ಎರಡು ವಾರ ತಗೊಳ್ಳಿ, ನೋವು ಹೋದರೆ ಇದೇ ಎಂದು ಗಟ್ಟಿಯಾಗುತ್ತದೆ. ಖಾರ, ಎಣ್ಣೆ ಕಡಿಮೆ. ಕಾಫಿ ಬೇಡವೇ ಬೇಡ. ಒದೆಸಿಕೊಳ್ಳುವುದು ನಿಲ್ಲಿಸಿ.

ಚಿಕ್ಕಮ್ಮ ಎಲ್ಲವನ್ನೂ ಬಾಯಿ ತೆರೆದುಕೊಂಡು ಕೇಳಿದಳು. ಡಾಕ್ಟರು ಅತ್ತ ಹೋದ ಮೇಲೆ ಅಕ್ಕನ ಕೈಹಿಡಿದು, “ಹಂಗಾದ್ರೆ ಅವತ್ತು ನಿಮ್ಗೆ ನಿಜ್ವಾಗ್ಲೂ ಉರೀತಿತ್ತು. ನಾನೇ ತಪ್ ತಿಳ್ಕೊಂಡೆ ಅಕ್ಕ” ಎಂದಳು. ಅವತ್ತು ಸಂಜೆಯೊಳಗೆ ನೆಂಟರಿಗೆಲ್ಲ ಅವಳೇ ಫೋನು ಮಾಡಿ, ಅಕ್ಕನಿಗಿದ್ದದ್ದು ಬರೀ ಆಸಿಡ್ಡು, ಡಾಕ್ಟರೇ ಹೇಳಿದ್ದಾರೆ ಎಂದು ಸಾರಿದಳು. ದೊಡ್ಡಮ್ಮ ಗೌರವಪೂರ್ವಕವಾಗಿ ಖುಲಾಸೆಯಾದಳು. ಮಾರನೆಯ ದಿನ ಬೆಳಗ್ಗೆ ಗುಬ್ಬಿಯ ಮನೆಯ ಫೋನು ಬಡಿದುಕೊಂಡಿತು. “ಅಕ್ಕ, ಇವತ್ತು ಏನ್ ಸಾರು?” ಖಾರವಿಲ್ಲದ ಸಾರು ಎಂದು ಹೇಳುವಾಗಲೂ ದೊಡ್ಡಮ್ಮನ ದನಿಯಲ್ಲಿ ಹಬ್ಬವಿತ್ತು.

ಎರಡು ವಾರ ಅವಳು ವ್ರತದಂತೆ ನಡೆಸಿದಳು. ಬೆಳಗ್ಗೆ ತಿಂಡಿಗೆ ಮುಂಚೆ ಮಾತ್ರೆ. ತಲೆಯ ಕಡೆ ಎತ್ತರವಿರಬೇಕೆಂದು ಹೇಳಿದ್ದರಿಂದ ದೊಡ್ಡಪ್ಪ ಮಂಚದ ತಲೆದೆಸೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟರು. ಹೇಳಿದ್ದಕ್ಕಿಂತ ಒಂದು ವರಸೆ ಜಾಸ್ತಿಯೇ ಕೊಟ್ಟರು. ದೊಡ್ಡಮ್ಮ ಸರಳು ಹಿಡಿದುಕೊಂಡು ಮೇಲೆ ಉಳಿದಳು. ದೊಡ್ಡಪ್ಪ ಮಾತ್ರ ಬೆಳಗಾಗುವುದರೊಳಗೆ ಜಾರಿ ಮಂಚದ ಕಾಲ ಬಳಿ ಮುದುಡಿಕೊಂಡಿರುತ್ತಿದ್ದರು. ನೋವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮೊದಲು ಬೆನ್ನು, ಆಮೇಲೆ ಕಿವಿ, ಕೊನೆಗೆ ದವಡೆ. ಹಲ್ಲೊಂದು ಮಾತ್ರ ವಾಪಸ್ ಬರಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು, ನಾವೆಲ್ಲ ಮುಗಿಯಿತೆಂದೇ ತಿಳಿದಿದ್ದೆವು. ಮಾತ್ರೆ ಮುಗಿದ ಭಾನುವಾರ ಚಿಕ್ಕಮ್ಮ ಊಟಕ್ಕೆ ಕರೆದಳು. ದೊಡ್ಡಮ್ಮನಿಗೆಂದೇ ಮೊಸರನ್ನ, ಬೇಯಿಸಿದ ಸೋರೆಕಾಯಿ. ಊಟವಾದ ಮೇಲೆ ದೊಡ್ಡಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಸುತ್ತಲೂ ನೋಡುತ್ತಿದ್ದಳು. ನಾನು ತಟ್ಟೆ ಇಡಲು ಹೋಗಿದ್ದೆ.

“ಸರೋಜಾ.”

“ಏನಕ್ಕ?”

“ಬೆನ್ನು ಹೋಯ್ತು, ಕಿವಿ ಹೋಯ್ತು, ದವಡೆ ಹೋಯ್ತು. ಎಲ್ಲಾ ನೋವೂ ಹೋಯ್ತು ಕಣೇ.” ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಹೊಟ್ಟೆ ಉರಿ ಹಂಗೇ ಐತೆ.”

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. ಅಷ್ಟು ಕಷ್ಟಪಟ್ಟು ಖುಲಾಸೆಯಾಗಿದ್ದಳಲ್ಲ, ಏಕೆ ಬೇಕಿತ್ತು ಇದು?

“ಅವತ್ತು ಎರ್ಡೂ ಇತ್ತು ಅಂತ ಕಾಣ್ತದೆ” ಎಂದಳು ದೊಡ್ಡಮ್ಮ. “ಒಂದ್ರೊಳ್ಗೆ ಒಂದು ಸೇರ್ಕೊಂಡಿತ್ತು. ಮಾತ್ರೆ ತಗಂಡ್ಮೇಲೆ ಒಂದು ಹೋಯ್ತು, ಇನ್ನೊಂದು ನಿಚ್ಚಳ್ವಾಗಿ ಕಾಣ್ತು. ನಿಂಗೆ ಸುಳ್ಳ್ ಹೇಳ್ಕೊಂಡು ನಿನ್ ಮನೇಲಿ ಉಣ್ಣಾಕ್ ನಂಗಾಗಲ್ಲ ಕಣೇ.”

ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು. “ಯಾವ್ದಕ್ಕೆ ಅಕ್ಕ? ಮನೆಗಾ?”

“ಥೂ, ಕಲ್ಲು ಮಣ್ಣು ಯಾರ್ಗ್ ಬೇಕು. ನೀನು ಬೆಳಿಗ್ಗೆ ಎದ್ದು, ಒಬ್ಳೇ ಒಂದ್ ಲೋಟ ಕಾಫಿ ಮಾಡ್ಕೊಂಡು, ಒಬ್ಳೇ ಕೂತ್ಕೊಂಡು ಕುಡೀತೀಯಲ್ಲ. ಫೋನಲ್ಲಿ ನೀನೇ ಹೇಳ್ತಿದ್ದೆ. ಗುಬ್ಬಿ ಮನೆಗ್ ಬಂದಾಗಿಂದ ನಾನು ಒಂದು ದಿನಾನೂ ನನ್ ಕಾಫಿ ಮೊದ್ಲು ಕುಡಿದಿಲ್ಲ. ಅದಕ್ಕೆ.”

ಚಿಕ್ಕಮ್ಮ ಮೆಲ್ಲಗೆ, “ಕಾಫಿ ನಿಮ್ಗೆ ಕುಡೀಲೇಬಾರ್ದು ಅಂದ್ರಲ್ಲ ಡಾಕ್ಟ್ರು” ಎಂದಳು.

“ಅದ್ಕೇ ಇನ್ನೂ ಜಾಸ್ತಿ ಉರೀತೈತೆ!” ಎಂದಳು ದೊಡ್ಡಮ್ಮ.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ನಗುತ್ತಾ ಚಿಕ್ಕಮ್ಮ ನೆಲದ ಮೇಲೆಯೇ ಕೂತುಬಿಟ್ಟಳು, ಅಕ್ಕನ ಮಂಡಿಗೆ ಹಣೆಯಿಟ್ಟು ನಗುತ್ತಲೇ ಅತ್ತಳು. “ನಂಗೂ ಇತ್ತು ಅಕ್ಕ. ಅತ್ತೆ ಸಾಯೋವಾಗ ನಿಮ್ ಹೆಸ್ರೇ ಕರೆದ್ರು, ನಂದ್ ಕರೀಲಿಲ್ಲ” ಎಂದಳು. “ಬೈಯಕ್ಕೆ ಕರೆದಿದ್ದು ಕಣೇ” ಎಂದಳು ದೊಡ್ಡಮ್ಮ. ನಾನು ತಟ್ಟೆಯನ್ನು ಸದ್ದಾಗದಂತೆ ಇಟ್ಟು ಹೊರಗೆ ಬಂದೆ.

ಅಂದಿನಿಂದ ನಮ್ಮ ಮನೆತನದಲ್ಲಿ ಒಂದು ಪದ್ಧತಿಯೇ ಆಗಿಹೋಗಿದೆ. ಯಾರು ಹೊಸದೇನು ಕೊಂಡರೂ ದೊಡ್ಡಮ್ಮ ಹೋಗಿ ನೋಡಿ, “ಹೊಟ್ಟೆ ಉರೀತು ಕಣ್ರಪ್ಪ, ಚೆನ್ನಾಗ್ ಬಾಳಿ” ಎಂದು ಅಕ್ಷತೆ ಹಾಕುತ್ತಾಳೆ. ಬರೀ “ಚೆನ್ನಾಗಿದೆ” ಎಂದು ಬಂದರೆ ಆ ಮನೆಯವರಿಗೆ ಕಸಿವಿಸಿ. ನನ್ನ ಮದುವೆಯ ವಾರ್ಷಿಕೋತ್ಸವಕ್ಕೆ ಕೊಂಡ ಫ್ರಿಜ್ಜನ್ನು ನೋಡಿ ಅವಳು ಉರಿಯಲಿಲ್ಲವೆಂದು ನನ್ನ ಹೆಂಡತಿ ಇವತ್ತಿಗೂ ಬಣ್ಣ ತಪ್ಪಾಯಿತೇನೋ ಎಂದು ಕೊರಗುತ್ತಾಳೆ.

ಮೊನ್ನೆ ಆ ಓಂಕಾಳು ಅಗಿದು ಮುಗಿಸಿ, ಶಾಲೆ ಬಿಟ್ಟ ಮೇಲೆ ಗುಬ್ಬಿಗೆ ಫೋನು ಮಾಡಿದೆ. ನನಗೂ ಹುಳಿತೇಗು ಶುರುವಾಗಿದೆ ದೊಡ್ಡಮ್ಮ, ದವಡೆಯೂ ಹಿಡಿದಂತಿದೆ ಎಂದೆ. “ನಾಳೇನೇ ಡಾಕ್ಟ್ರ ಹತ್ರ ಹೋಗು, ಹಲ್ ಮಾತ್ರ ಕೀಳಿಸ್ಬ್ಯಾಡ” ಎಂದಳು. “ಅದಿರ್ಲಿ, ಯಾರ್ ಮ್ಯಾಲಾದ್ರೂ ಉರಿ ಐತೇನ್ಲಾ?” ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಈ ತಿಂಗಳು ನಾನು ಗೆಳೆಯರ ಕಾರಿಗೆ, ಬಡ್ತಿಗೆ, ಮಕ್ಕಳ ಸೀಟಿಗೆ ಮೊಬೈಲಿನಲ್ಲಿ ಎಷ್ಟೊಂದು ಹೂಗುಚ್ಛ ಕಳಿಸಿದ್ದೆ. ತುಂಬಾ ಸಂತೋಷ ಸಾರ್ ಎಂದು ಬರೆದಿದ್ದೆ. ಒಬ್ಬರಿಗೂ ನಿಜ ಹೇಳಿರಲಿಲ್ಲ, ಹೇಳಿದರೆ ನಗುತ್ತಾ ನೆಲದ ಮೇಲೆ ಕೂರುವಂಥವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅತ್ತ ಫೋನಿನ ಹಿನ್ನೆಲೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ಚಿಕ್ಕಮ್ಮ ಏನನ್ನೋ ಹೇಳಿ ತಾನೇ ನಗುತ್ತಿದ್ದಳು.

“ಐತೆ ದೊಡ್ಡಮ್ಮ” ಎಂದೆ. “ನಿಮ್ಮಿಬ್ರ ಮೇಲೇ.”

ದೊಡ್ಡಮ್ಮ ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ಕೇಳಿಸಿತು: “ಲೇ ಸರೋಜಾ, ಬಾರೇ ಇಲ್ಲಿ! ನಮ್ಮಿಬ್ರನ್ನ ನೋಡಿ ಈ ಹುಡುಗಂಗೆ ಹೊಟ್ಟೆ ಉರೀತಂತೆ ಕಣೇ!” ಇಬ್ಬರೂ ಸೇರಿ ನಕ್ಕರು. ನಕ್ಕು ಸಾಕಾದ ಮೇಲೆ ದೊಡ್ಡಮ್ಮ ಫೋನಿಗೆ ವಾಪಸ್ ಬಂದಳು.

“ಹಂಗಾದ್ರೆ ಅಷ್ಟ್ ದೂರ್ದಲ್ಲಿ ಕೂತು ಯಾಕ್ಲಾ ಉರ್ಕೊಂತೀಯ? ಭಾನ್ವಾರ ಬಾ. ಎದ್ರುಗ್ ಕೂತು, ಕಣ್ತುಂಬ ನೋಡಿ ಉರ್ಕೊಂಡ್ ಹೋಗು” ಎಂದಳು.